ನಗುವಿಗೆ ಕಾಯದೆ ಮಾತಾಡುವುದು: ಕೊಡಗಿನ ಸ್ಟ್ಯಾಂಡಪ್ ಕಲಾವಿದೆಯೊಬ್ಬಳ ನಟನೆಯ ಪ್ರಕರಣ

ಸಿದ್ದಾಪುರದ ಹತ್ತಿರದ ಒಂದು ಕಾಫಿ ತೋಟದ ರೈಟರ್ ಮಗಳು. ರೈಟರ್ ಅಂದರೆ ತೋಟದಲ್ಲಿ ಆಳುಗಳ ಹಾಜರಿ, ಲೆಕ್ಕ ಬರೆಯುವವರು. ವಯಸ್ಸು ಮೂವತ್ತರ ಆಸುಪಾಸು. ಕೆಲವು ವರ್ಷಗಳಿಂದ ಸ್ಟ್ಯಾಂಡಪ್ ಕಾಮಿಡಿ, ಅಂದರೆ ವೇದಿಕೆ ಮೇಲೆ ಒಬ್ಬಳೇ ಮೈಕ್ ಹಿಡಿದು ಮಾತಿನಲ್ಲೇ ನಗಿಸುವುದು, ಮಾಡುತ್ತಿದ್ದಾಳೆ. ಈಗ ಸಿನಿಮಾ, ವೆಬ್ ಸೀರೀಸ್‌ಗಳಲ್ಲಿ ಸಣ್ಣ ಸಣ್ಣ ಪಾತ್ರಗಳು ಬರುತ್ತಿವೆ. ಹೆಸರು ಹಾಕಬೇಡಿ ಅಂದಿದ್ದಾಳೆ, ಹಾಕುವುದಿಲ್ಲ. ನಾನು ಮಡಿಕೇರಿಯಲ್ಲಿ ಮದುವೆ ವಿಡಿಯೋ ಮಾಡುವವನು. ಅವಳ ಆಡಿಷನ್ ಟೇಪುಗಳಲ್ಲಿ ಮುಕ್ಕಾಲು ಪಾಲು ನನ್ನ ಸ್ಟುಡಿಯೋದಲ್ಲೇ ಆಗಿದ್ದು. ಹಾಗಾಗಿ ನಡೆದದ್ದನ್ನೆಲ್ಲ ಹತ್ತಿರದಿಂದ, ಅದೂ ಕ್ಲೋಸಪ್‌ನಲ್ಲೇ ನೋಡಿದ್ದೇನೆ.

ಬರೆಯೋಕೆ ಕಾರಣ ಇಷ್ಟೇ. ಕಾಲೇಜು ಹುಡುಗರು ಸ್ಟುಡಿಯೋಗೆ ಬಂದು, “ಅಣ್ಣ, ಸ್ಟೇಜ್ ಮೇಲೆ ಐನೂರು ಜನರನ್ನ ನಗಿಸ್ತೀನಿ, ಕ್ಯಾಮೆರಾ ಯಾವ ಲೆಕ್ಕ?” ಅಂತ ಕೇಳುತ್ತಾರೆ. ಕ್ಯಾಮೆರಾ ಬೇರೆಯೇ ಲೆಕ್ಕ. ಸ್ಟ್ಯಾಂಡಪ್ ಮತ್ತು ನಟನೆ ಎರಡು ಬೇರೆ ಕೆಲಸಗಳು. ಒಂದು ಬಂದರೆ ಇನ್ನೊಂದು ತಾನಾಗಿ ಬರುವುದಿಲ್ಲ. ಈ ಹುಡುಗಿ ಅದನ್ನು ಬೇಗ ಅರ್ಥ ಮಾಡಿಕೊಂಡಳು. ಎರಡನ್ನೂ ನಡೆಸಿಕೊಂಡು ಹೋಗಲು ಕೊಡಗಿನ ಮಳೆ-ಬಿಸಿಲಿನ ಲೆಕ್ಕವನ್ನೇ ಹಿಡಿದಳು. ಅವಳ ಕಥೆಯಲ್ಲಿ ನನಗೆ ಮುಖ್ಯ ಅನ್ನಿಸುವುದು ಇವೆರಡೇ.

ಎಲ್ಲಿಂದ ಬಂದಳು

ಮನೆಯಲ್ಲಿ ತುಳು. ಲೈನ್ ಮನೆಗಳ, ಅಂದರೆ ತೋಟದ ಕಾರ್ಮಿಕರ ಸಾಲುಮನೆಗಳ, ಮಕ್ಕಳ ಜೊತೆ ತಮಿಳು, ಮಲಯಾಳ. ಶಾಲೆಯಲ್ಲಿ ಕನ್ನಡ. ಬಸ್‌ಸ್ಟ್ಯಾಂಡ್‌ನಲ್ಲಿ, ಅಂಗಡಿಯಲ್ಲಿ ಕಿವಿಗೆ ಬಿದ್ದ ಕೊಡವ ತಕ್ಕ್. ಸಿದ್ದಾಪುರದ ಕಡೆ ಇದೇನೂ ದೊಡ್ಡ ವಿಷಯ ಅಲ್ಲ, ಅಲ್ಲಿ ಒಂದೇ ಭಾಷೆ ಬರುವವನನ್ನು ಹುಡುಕಿಕೊಂಡು ಹೋಗಬೇಕು. ಅಪ್ಪ ಬೆಳಿಗ್ಗೆ ಚೆಕ್‌ರೋಲ್, ಅಂದರೆ ಹಾಜರಿ ಪುಸ್ತಕ ಹಿಡಿದು ಹೆಸರು ಕೂಗುವಾಗ ಯಾರು ಹೇಗೆ ಓಗೊಡುತ್ತಾರೆ, ತಡವಾಗಿ ಬಂದವರು ಯಾವ ನೆಪ ಹೇಳುತ್ತಾರೆ ಅನ್ನೋದನ್ನು ಚಿಕ್ಕವಳಿದ್ದಾಗಲೇ ಮಾಡಿ ತೋರಿಸುತ್ತಿದ್ದಳಂತೆ. ಮೊದಲು ಮೈಕ್ ಹಿಡಿದದ್ದು ಊರಿನ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಮೆಂಟಿನ ಕಾಮೆಂಟರಿಗೆ. ಆಟಕ್ಕಿಂತ ಕಾಮೆಂಟರಿ ಕೇಳೋಕೆ ಜನ ನಿಲ್ಲುತ್ತಿದ್ದರು.

ಆಮೇಲೆ ಬೆಂಗಳೂರಿನಲ್ಲಿ ಒಂದು ಕೆಲಸ, ಸಂಜೆ ಓಪನ್ ಮೈಕ್, ಅಂದರೆ ಯಾರು ಬೇಕಾದರೂ ಹತ್ತಿ ಮಾತಾಡಬಹುದಾದ ವೇದಿಕೆ. 2020ರ ಲಾಕ್‌ಡೌನ್‌ನಲ್ಲಿ ಕೆಲಸ ಹೋಯಿತು, ಮನೆಗೆ ಬಂದಳು. ತೋಟದ ಮನೆಯಲ್ಲಿ ಕೂತು ಬರೆದ ಒಂದು ಬಿಟ್, ಅಂದರೆ ನಗೆ ತುಣುಕು, ಅವಳನ್ನು ಜಿಲ್ಲೆಗೆಲ್ಲ ಪರಿಚಯ ಮಾಡಿಸಿತು. ರೈಟರ್ ಫೋನಿನಲ್ಲಿ ಮ್ಯಾನೇಜರ್‌ಗೆ ಬೆಳಗಿನ ವರದಿ ಒಪ್ಪಿಸುವ ಬಿಟ್ ಅದು.

“ಇವತ್ತು ಎಷ್ಟು ಬಂದಿದ್ದಾರೆ ರೈಟರೇ?”

“ಹದಿನೆಂಟು ಸಾರ್.”

“ಪರವಾಗಿಲ್ವೇ!”

“ಅದರಲ್ಲಿ ನಾಲ್ಕು ಆನೆ ಸಾರ್.”

ಆನೆ ಕಾಟ ಕಂಡವರಿಗೆ ಇದು ಬರೀ ಜೋಕಲ್ಲ. ಸಿದ್ದಾಪುರ, ವಿರಾಜಪೇಟೆ ಕಡೆಯ ತೋಟಗಳಲ್ಲಿ ಬೆಳಿಗ್ಗೆ ಕೆಲಸಕ್ಕೆ ಇಳಿಯುವ ಮೊದಲು ಆನೆ ಎಲ್ಲಿದೆ ಅಂತ ವಿಚಾರಿಸಿಕೊಳ್ಳುವುದು ದಿನದ ಮಾತು. ಆ ವಿಡಿಯೋ ಮೊಬೈಲಿನಿಂದ ಮೊಬೈಲಿಗೆ ಹೋಯಿತು. ಕುಶಾಲನಗರ, ಮಡಿಕೇರಿ ಸುತ್ತಿನ ರೆಸಾರ್ಟ್‌ಗಳಿಗೆ ಕಂಪನಿಗಳ ಗುಂಪು ಬರುತ್ತದಲ್ಲ, ಅವರ ಸಂಜೆ ಕಾರ್ಯಕ್ರಮಕ್ಕೆ ಇವಳಿಗೆ ಕರೆ ಬರತೊಡಗಿತು. ದಸರಾ ಸಮಯದಲ್ಲಿ ಮಡಿಕೇರಿಯ ಗಾಂಧಿ ಮೈದಾನದ ವೇದಿಕೆಯಲ್ಲೂ ಅವಕಾಶ ಸಿಕ್ಕಿತು. ಕಾಮಿಡಿ ಕ್ಲಬ್ ಅಂತ ಒಂದೂ ಇಲ್ಲದ ಜಿಲ್ಲೆಯಲ್ಲಿ ಸ್ಟ್ಯಾಂಡಪ್‌ನಿಂದ ಹೊಟ್ಟೆ ಹೊರೆಯಬಹುದು ಅಂತ ನಾನಂತೂ ನಂಬಿರಲಿಲ್ಲ. ರೆಸಾರ್ಟ್‌ಗಳು ನಂಬಿಸಿದವು.

ಆದರೆ ಇಲ್ಲಿ ಒಂದು ಮಿತಿ ಇದೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಬೆಂಗಳೂರಿನ ಕೆಲವು ಬಡಾವಣೆ ಸೇರಿಸಿದರೆ ಇದಕ್ಕಿಂತ ಜಾಸ್ತಿ ಜನ ಆಗುತ್ತಾರೆ. ಇಲ್ಲಿ ಎಲ್ಲರಿಗೂ ಎಲ್ಲರೂ ಗೊತ್ತು. ವೇದಿಕೆ ಮೇಲೆ ಒಂದು ಮಾತು ಆಡಿದರೆ, ಅದು ಯಾರ ಬಗ್ಗೆ ಅಂತ ಮರುದಿನ ಸಂತೆಯಲ್ಲಿ ತೀರ್ಮಾನ ಆಗಿರುತ್ತದೆ. ಒಂದು ಮನೆತನದ ಮದುವೆಯ ಬಗ್ಗೆ ಮಾಡಿದ ಜೋಕಿಗೆ ಅವಳ ಅಪ್ಪನಿಗೆ ಫೋನ್ ಹೋಗಿತ್ತು. ಹೊಸ ಬಿಟ್ ಬರೆದರೂ ಕೇಳುವವರು ಅದೇ ಜನ. ಒಂದು ಗಂಟೆಯ ಸೆಟ್ ಒಂದು ವರ್ಷದೊಳಗೆ ಹಳೆಯದಾಗುತ್ತದೆ. ಇನ್ನೊಂದು ಆದಾಯ ಬೇಕು ಅನ್ನಿಸಿದ್ದು ಆಗ. ನಟನೆಯ ಹುಚ್ಚು ಮೊದಲಿನಿಂದ ಇತ್ತಾ ಅಂತ ಕೇಳಿದ್ದೆ. “ಹುಚ್ಚು ಏನಿಲ್ಲ ಅಣ್ಣ, ಬಿಟ್ ಖಾಲಿ ಆಗ್ತಿತ್ತು” ಅಂದಳು. ಈ ಉತ್ತರ ನನಗೆ ಹಿಡಿಸಿತು.

ಬಂದ ಕರೆಗಳು

ಮೊದಲ ಕರೆಗಳೆಲ್ಲ ಒಂದೇ ಥರ. ನಾಯಕಿಯ ಗೆಳತಿ. ದಪ್ಪ ಇರಬೇಕು, ಪಟಪಟ ಮಾತಾಡಬೇಕು, ನಾಯಕಿ ಅಳುವಾಗ ಒಂದು ಡೈಲಾಗ್ ಹೊಡೆಯಬೇಕು. ಇನ್ನೊಂದು ಥರ ಅಂದರೆ ‘ಕೂರ್ಗ್ ಹುಡುಗಿ’. ಹಿಂದೆ ನೆರಿಗೆ ಬರುವ ಕೊಡವ ಸೀರೆ ಉಟ್ಟು ಫೋಟೋ ಕಳಿಸಿ ಅಂತ ಕೇಳಿದವರಿಗೆ ಇವಳು, “ನಮ್ಮ ಮನೆಯಲ್ಲಿ ಹಾಗೆ ಉಡುವ ಪದ್ಧತಿ ಇಲ್ಲ ಸಾರ್” ಅಂತ ಬರೆದಳು. ಆ ಕಡೆಯಿಂದ ಬಂದ ಉತ್ತರ: “ಕೊಡಗಿನವರೇ ಅಲ್ವಾ?” ಬೆಂಗಳೂರಿನ ಸಿನಿಮಾದವರ ಕೊಡಗಿನಲ್ಲಿ ಮಂಜು ಇದೆ, ಕೋವಿ ಇದೆ, ಚೆಂದದ ಹುಡುಗಿ ಇದ್ದಾಳೆ. ರೈಟರ್ ಇಲ್ಲ, ಲೈನ್ ಮನೆ ಇಲ್ಲ.

ಮೂರನೆಯದು ಟಿವಿ. ಒಂದು ಕಾಮಿಡಿ ರಿಯಾಲಿಟಿ ಶೋಗೆ ಆಯ್ಕೆಯಾದಳು. ಮನೆಯವರಿಗೆ ಖುಷಿಯೋ ಖುಷಿ. ಅವಳು ಒಪ್ಪಂದದ ಕಾಗದ ತಂದು ನನ್ನ ಸ್ಟುಡಿಯೋದ ಮೇಜಿನ ಮೇಲೆ ಹರಡಿದಳು. ಇಬ್ಬರೂ ಓದಿದೆವು. ಶೋ ನಡೆಯುವಷ್ಟು ಕಾಲ ಮತ್ತು ಮುಗಿದ ಮೇಲೂ ಕೆಲವು ತಿಂಗಳು ಬೇರೆ ಕಡೆ ಕಾಣಿಸಿಕೊಳ್ಳುವಂತಿಲ್ಲ. ಶೋನಲ್ಲಿ ಬಳಸಿದ ಸಾಮಗ್ರಿಯೆಲ್ಲ ಚಾನೆಲ್‌ನದು. ಅಂದರೆ ರೈಟರ್ ಬಿಟ್ ಅಲ್ಲಿ ಮಾಡಿದರೆ ನಾಳೆ ರೆಸಾರ್ಟ್‌ನಲ್ಲಿ ಅದನ್ನೇ ಮಾಡಲು ಇನ್ನೊಬ್ಬರ ಅಪ್ಪಣೆ ಬೇಕು. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ತಾನು ಬರೆದದ್ದರ ಹಕ್ಕು ಬರೆದವರದ್ದೇ, ಪ್ರದರ್ಶನ ಕೊಡುವವರಿಗೂ ಅದೇ ಕಾಯ್ದೆಯಲ್ಲಿ ಪ್ರತ್ಯೇಕ ಹಕ್ಕಿದೆ. ಆದರೆ ಸಹಿ ಹಾಕಿ ಬರೆದುಕೊಟ್ಟರೆ ಮುಗಿಯಿತು. ಅವಳು ಒಂದು ಷರತ್ತು ಬದಲಾಯಿಸಲು ಕೇಳಿದಳು. ಆಗಲ್ಲ ಅಂದರು. ಬಿಟ್ಟಳು.

ಇದು ಸರಿಯಾ ತಪ್ಪಾ ಅನ್ನೋದರ ಬಗ್ಗೆ ನಮ್ಮ ಗೆಳೆಯರಲ್ಲಿ ಈಗಲೂ ಜಗಳ ಇದೆ. ಚಿಕ್ಕಣ್ಣ ಅಂಥವರು ಟಿವಿ ಕಾಮಿಡಿಯಿಂದಲೇ ಬಂದು 2011ರ ಹೊತ್ತಿಗೆ ಸಿನಿಮಾ ಸೇರಿ, ಕೊನೆಗೆ ನಾಯಕನೂ ಆದರು. ತಮಿಳಿನ ಶಿವಕಾರ್ತಿಕೇಯನ್ ಕೂಡ ಟಿವಿ ಕಾಮಿಡಿ ಸ್ಪರ್ಧೆಯಿಂದ ಬಂದವರೇ. ಆ ದಾರಿ ಸುಳ್ಳಲ್ಲ. ಆದರೆ ಹುಡುಗರಿಗೆ ಆ ಬಾಗಿಲು ತೆರೆದುಕೊಳ್ಳುವಷ್ಟು ಸಲೀಸಾಗಿ ಹುಡುಗಿಯರಿಗೆ ತೆರೆದದ್ದು ನಾನು ನೋಡಿಲ್ಲ. ಸ್ಕಿಟ್‌ನಲ್ಲಿ ಹೆಂಗಸಿನ ವೇಷಕ್ಕೂ ಗಂಡಸೇ ಬರುತ್ತಾನೆ. ನನ್ನ ಮಟ್ಟಿಗೆ ಬಿಟ್ಟದ್ದೇ ಒಳ್ಳೆಯದಾಯಿತು.

ಅವಳು ಮಾದರಿ ಅಂತ ಇಟ್ಟುಕೊಂಡದ್ದು ಬೇರೆಯವರನ್ನು. ಮೊದಲು ಉಮಾಶ್ರೀ. ಎಂಬತ್ತರ ದಶಕದಿಂದ ಸಿನಿಮಾದಲ್ಲಿ ಅವರಿಗೆ ಸಿಕ್ಕಿದ್ದು ಹೆಚ್ಚಾಗಿ ನಗಿಸುವ, ಎರಡರ್ಥದ ಮಾತಾಡುವ ಪಾತ್ರಗಳು. ಅದೇ ಉಮಾಶ್ರೀ ರಂಗದ ಮೇಲೆ ‘ಒಡಲಾಳ’ದ ಸಾಕವ್ವ. ಮುಂದೆ ‘ಗುಲಾಬಿ ಟಾಕೀಸ್’ನ ಸೂಲಗಿತ್ತಿ ಗುಲಾಬಿಯ ಪಾತ್ರಕ್ಕೆ 2007ನೇ ಸಾಲಿನ ಅತ್ಯುತ್ತಮ ನಟಿ ರಾಷ್ಟ್ರಪ್ರಶಸ್ತಿ ಅವರಿಗೇ ಬಂತು. ಇನ್ನು ಮಲಯಾಳದವರು. ಸಿದ್ದಾಪುರದಲ್ಲಿ ಬೆಳೆದವರಿಗೆ ಮಲಯಾಳ ಸಿನಿಮಾ ಪಕ್ಕದ ಮನೆಯದಿದ್ದ ಹಾಗೆ. 1969ರಲ್ಲಿ ಶುರುವಾದ ಕೊಚ್ಚಿನ್ ಕಲಾಭವನದ ಮಿಮಿಕ್ರಿ ತಂಡದಿಂದ ಜಯರಾಂ ಬಂದರು, ಕಲಾಭವನ್ ಮಣಿ ಬಂದರು. ಮಿಮಿಕ್ರಿ ಮಾಡಿಕೊಂಡಿದ್ದ ಸಲೀಂ ಕುಮಾರ್ 2010ನೇ ಸಾಲಿನಲ್ಲಿ, ಸುರಾಜ್ ವೆಂಞಾರಮೂಡು 2013ನೇ ಸಾಲಿನಲ್ಲಿ ಅತ್ಯುತ್ತಮ ನಟ ರಾಷ್ಟ್ರಪ್ರಶಸ್ತಿ ಹಂಚಿಕೊಂಡರು. ಎರಡೂ ನಗೆ ಪಾತ್ರಕ್ಕೆ ಬಂದದ್ದಲ್ಲ.

ಇಲ್ಲಿ ಒಂದು ವಿಷಯ ಮರೆಯಬಾರದು. ಇವರ್ಯಾರೂ ಮೈಕ್ ಇಟ್ಟು ನೇರ ಕ್ಯಾಮೆರಾ ಮುಂದೆ ಬಂದು ಗೆದ್ದವರಲ್ಲ. ಮಧ್ಯೆ ವರ್ಷಗಟ್ಟಲೆ ರಂಗಭೂಮಿ ಇದೆ, ಇಲ್ಲವೇ ಲೆಕ್ಕವಿಲ್ಲದಷ್ಟು ಸಣ್ಣ ಪಾತ್ರ ಇದೆ. ನಮ್ಮ ನರಸಿಂಹರಾಜು 1954ರಲ್ಲಿ ‘ಬೇಡರ ಕಣ್ಣಪ್ಪ’ದಿಂದ ಪರದೆಗೆ ಬರುವ ಹೊತ್ತಿಗೆ ನಾಟಕ ಕಂಪನಿಯಲ್ಲಿ ಬಾಲ್ಯದಿಂದ ಪಳಗಿದ್ದರು. ಕಂಪನಿ ನಾಟಕದಲ್ಲಿ ಎದುರಿಗೆ ಇನ್ನೊಬ್ಬ ಪಾತ್ರಧಾರಿ ಇರುತ್ತಾನೆ. ಸ್ಟ್ಯಾಂಡಪ್‌ನಲ್ಲಿ ಎದುರಿಗೆ ಯಾರೂ ಇಲ್ಲ, ಇರುವುದು ಪ್ರೇಕ್ಷಕರು ಮಾತ್ರ.

ಹುಬ್ಬು ಮತ್ತು ಬಲಗೈ

ಅವಳ ಮೊದಲ ಗಂಭೀರ ಆಡಿಷನ್ ಟೇಪ್ ನನಗೆ ಚೆನ್ನಾಗಿ ನೆನಪಿದೆ. ಅಮ್ಮನಿಗೆ ಹುಷಾರಿಲ್ಲ ಅಂತ ಅಕ್ಕ ತಮ್ಮನಿಗೆ ಹೇಳುವ ಸೀನ್. ಒಂದೂವರೆ ಪುಟ. ತಮ್ಮನ ಮಾತು ಓದುವವನು ನಾನು. ಫೋನ್ ಸ್ಟ್ಯಾಂಡ್ ಮೇಲೆ ಅಡ್ಡಡ್ಡ ನಿಲ್ಲಿಸಿ, ಹಿಂದೆ ಬೂದು ಬಟ್ಟೆ ಕಟ್ಟಿ, ಲೆನ್ಸಿನ ಪಕ್ಕಕ್ಕೆ ಅಂಟಿಕೊಂಡ ಹಾಗೆ ನಿಂತೆ. ಸೆಲ್ಫ್ ಟೇಪ್‌ನಲ್ಲಿ, ಅಂದರೆ ನಾವೇ ತೆಗೆದು ಕಳಿಸುವ ಆಡಿಷನ್ ವಿಡಿಯೋದಲ್ಲಿ, ಲೆನ್ಸನ್ನೇ ನೋಡಿ ಮಾತಾಡಬಾರದು, ಲೆನ್ಸಿನ ಪಕ್ಕದಲ್ಲಿ ನಿಂತವರನ್ನು ನೋಡಬೇಕು. ಹೆಸರು, ಊರು, ಎತ್ತರ ಹೇಳುವಾಗ ಮಾತ್ರ ನೇರ ನೋಟ. ಇದೇ ಅವಳಿಗೆ ಮೊದಲ ಕಷ್ಟ ಆಗಿದ್ದು. ಕಣ್ಣು ಪದೇ ಪದೇ ಲೆನ್ಸಿಗೆ ಹೋಗುತ್ತಿತ್ತು. ಜನ ಇರುವ ಕಡೆ ನೋಡಿ ಮಾತಾಡುವುದು ಅವಳ ಕಸುಬು, ಜನ ಲೆನ್ಸಿನ ಹಿಂದಿದ್ದಾರೆ ಅಂತ ಅವಳ ಕಣ್ಣಿಗೆ ಗೊತ್ತು.

ಮಾತು ಚೆನ್ನಾಗಿತ್ತು. ಒಂದು ಅಕ್ಷರ ತಪ್ಪಲಿಲ್ಲ. ಆದರೂ ಏನೋ ಸರಿ ಇಲ್ಲ. ಲ್ಯಾಪ್‌ಟಾಪ್‌ಗೆ ಹಾಕಿ ನಿಧಾನಕ್ಕೆ ಓಡಿಸಿ ನೋಡಿದೆವು. ಆಗ ಕಂಡಿತು. ಪ್ರತಿ ಸಾಲು ಮುಗಿದ ಮೇಲೂ ಒಂದು ಸಣ್ಣ ನಿಲುಗಡೆ. ಆ ನಿಲುಗಡೆಯಲ್ಲಿ ಎಡ ಹುಬ್ಬು ಚೂರು ಮೇಲೆ. ವೇದಿಕೆ ಮೇಲೆ ಪಂಚ್ ಹೇಳಿ ನಗುವಿಗೆ ಜಾಗ ಬಿಡುವುದು ಹೀಗೆಯೇ. “ಅಮ್ಮ ಊಟ ಬಿಟ್ಟು ಎರಡು ದಿನ ಆಯ್ತು” ಅಂತ ಹೇಳಿ ಹುಬ್ಬೇರಿಸಿದರೆ ನೋಡುವವನಿಗೆ ಏನನ್ನಿಸಬೇಕು? ಇನ್ನೊಂದು, ಬಲಗೈ. ಖಾಲಿ ಕೈ. ಆದರೆ ಮೊಣಕೈ ಮಡಚಿ, ಬೆರಳು ಅರ್ಧ ಮುಚ್ಚಿ, ಎದೆಯ ಮುಂದೆ ನಿಂತಿತ್ತು. ಇಲ್ಲದ ಮೈಕನ್ನು ಹಿಡಿದುಕೊಂಡಿತ್ತು ಆ ಕೈ.

ಅವಳು ಸ್ಕ್ರೀನ್ ನೋಡಿ ಜೋರಾಗಿ ನಕ್ಕಳು. ಆಮೇಲೆ ನಗು ನಿಲ್ಲಿಸಿ ಮತ್ತೆ ನೋಡಿದಳು.

ಹುಬ್ಬು ಏರಿಸಬೇಡ ಅಂದರೆ ಹುಬ್ಬಿನ ಮೇಲೇ ಗಮನ ಹೋಗಿ ಮುಖ ಕಲ್ಲಾಗುತ್ತಿತ್ತು. ಕೊನೆಗೆ ದಾರಿ ಸಿಕ್ಕಿದ್ದು ಬೇರೆ ಕಡೆಯಿಂದ. ಸ್ಟುಡಿಯೋದ ಮೂಲೆಯಲ್ಲಿ ನಮ್ಮ ಮನೆಯ ಕಾಫಿ ಬೀಜದ ಒಂದು ಚೀಲ ಇತ್ತು. ಮೊರದಲ್ಲಿ ಒಂದಿಷ್ಟು ಹಾಕಿ ಕೈಗೆ ಕೊಟ್ಟೆ. ಕಪ್ಪು ಬೀಜ, ಒಡೆದ ಬೀಜ ಆರಿಸುತ್ತಾ ಮಾತಾಡು ಅಂದೆ. ಬೀಜ ಆರಿಸುವುದು ಅವಳಿಗೆ ಬಾಲ್ಯದಿಂದ ಗೊತ್ತಿರುವ ಕೆಲಸ. ಎರಡು ಕೈಗೂ ಕೆಲಸ ಬಂತು, ಮೈಕ್ ಕೈಬಿಟ್ಟುಹೋಯಿತು. ಕಣ್ಣು ಮೊರದ ಮೇಲೆ, ಆಗಾಗ ಮಾತ್ರ ನನ್ನ ಮೇಲೆ. ನಾನು ತಮ್ಮನ ಮಾತನ್ನು ಬೇಕಂತಲೇ ತಡವಾಗಿ ಹೇಳಿದೆ. ಅವಳು ತಲೆ ಎತ್ತಿ ಉತ್ತರಕ್ಕೆ ಕಾದಳು. ಹುಬ್ಬು ಏರಿಲ್ಲ. ಇಷ್ಟು ಹೊತ್ತು ನಗುವಿಗೆ ಕಾಯುತ್ತಿದ್ದವಳು ಈಗ ತಮ್ಮನ ಉತ್ತರಕ್ಕೆ ಕಾಯುತ್ತಿದ್ದಳು. ಆ ಟೇಕ್ ಕಳಿಸಿದೆವು. ಪಾತ್ರ ಸಿಗಲಿಲ್ಲ, ಆದರೆ ಕಾಸ್ಟಿಂಗ್‌ನವರು ನಂಬರ್ ಇಟ್ಟುಕೊಂಡರು.

ಮೊರ ಪ್ರತಿ ಸಲ ಆಗುವುದಿಲ್ಲ ಅನ್ನೋದು ಅವಳಿಗೂ ಗೊತ್ತಿತ್ತು. ಮೈಸೂರಿನ ಒಂದು ರಂಗತಂಡದ ವಾರಾಂತ್ಯದ ಶಿಬಿರಕ್ಕೆ ಸೇರಿದಳು. ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿ.ಮೀ., ಶನಿವಾರ ಬೆಳಗಿನ ಬಸ್ಸು. 1989ರಲ್ಲಿ ಬಿ.ವಿ. ಕಾರಂತರು ರಂಗಾಯಣ ಕಟ್ಟಿದ ಊರದು, ರಂಗಭೂಮಿಯವರಿಗೆ ಬರವಿಲ್ಲ. ಅಲ್ಲಿ ಅವಳಿಗೆ ಕೊಟ್ಟ ಮೊದಲ ಪಾತ್ರಕ್ಕೆ ಮಾತೇ ಇರಲಿಲ್ಲ. ಬೇರೆಯವರು ಮಾತಾಡುವಾಗ ಸುಮ್ನೆ ಕೂತು ಕೇಳಬೇಕು, ಅಷ್ಟೇ. ಕಾಮಿಡಿ ಮಾಡುವವರಿಗೆ ಇದಕ್ಕಿಂತ ದೊಡ್ಡ ಶಿಕ್ಷೆ ಇಲ್ಲ. ಆ ಮೇಷ್ಟ್ರು ಯಾರೋ ನನಗೆ ಗೊತ್ತಿಲ್ಲ, ಸಿಕ್ಕರೆ ಒಂದು ಕಾಫಿ ಕುಡಿಸಬೇಕು.

ಸೆಟ್ಟಿನಲ್ಲಿ

ಮೊದಲ ಪಾತ್ರ ಸಿಕ್ಕಿದ್ದು ಕೊಡಗಿನಲ್ಲಿದ್ದ ಕಾರಣಕ್ಕೇ. ಮಳೆ ನಿಂತ ಮೇಲೆ ಸಿನಿಮಾ ಯೂನಿಟ್‌ಗಳು ಇಲ್ಲಿಗೆ ಬರುತ್ತವೆ. ಬೆಂಗಳೂರಿನಿಂದ ಕಲಾವಿದರನ್ನು ಕರೆತಂದರೆ ಪ್ರಯಾಣ, ರೂಮು, ಬಾಟಾ (ದಿನಭತ್ಯೆ) ಎಲ್ಲ ಖರ್ಚು. ಎರಡು ಸೀನಿನ ಪಾತ್ರಕ್ಕೆ ಸ್ಥಳೀಯರು ಸಿಕ್ಕರೆ ಪ್ರೊಡಕ್ಷನ್ ಮ್ಯಾನೇಜರ್‌ಗೆ ಹಬ್ಬ. ಸರ್ಕಾರಿ ಆಸ್ಪತ್ರೆಯ ಆಯಾ ಪಾತ್ರಕ್ಕೆ ಇವಳನ್ನು ಕರೆದರು. ನಾನೂ ಹೋಗಿದ್ದೆ. ಶೂಟಿಂಗ್ ಸೆಟ್‌ಗೆ ಯಾರಾದರೂ ಕರೆದರೆ ನಾನು ಬೇಡ ಅನ್ನುವವನಲ್ಲ.

ಐದು ಸಾಲು ಮಾತು. ಕೈಯಲ್ಲಿ ಟ್ರೇ. ಮೊದಲು ವೈಡ್ ಶಾಟ್. ಇವಳು ಮೂರನೇ ಸಾಲನ್ನು ತನ್ನದೇ ರೀತಿ ತಿರುಗಿಸಿ ಹೇಳಿದಳು. ಇಡೀ ಯೂನಿಟ್ ನಕ್ಕಿತು. ಡೈರೆಕ್ಟರ್ ಕೂಡ ನಕ್ಕು, “ಇಟ್ಕೊಳ್ಳಿ ಮೇಡಂ, ಚೆನ್ನಾಗಿದೆ” ಅಂದರು. ಮುಂದಿನದು ಮಿಡ್ ಶಾಟ್. ಅದೇ ಜೋಕು ಎರಡನೇ ಸಲ ಹೇಳುವಾಗ ಯಾರೂ ನಗಲಿಲ್ಲ, ನಗಬಾರದು ಕೂಡ, ಸೌಂಡ್ ರೆಕಾರ್ಡ್ ಆಗುತ್ತಿದೆ. ನಗು ಬರದಿದ್ದರೆ ಸಾಲು ಸತ್ತಿತು ಅಂತ ಸ್ಟ್ಯಾಂಡಪ್‌ನವರ ಲೆಕ್ಕ. ಇವಳು ಬೇರೆ ಸಾಲು ಹಾಕಿದಳು. ಮೂರನೇ ಟೇಕಿಗೆ ಇನ್ನೊಂದು. ಟ್ರೇ ಎಡಗೈಯಿಂದ ಬಲಗೈಗೆ ಬಂದಿತ್ತು. ಕಂಟಿನ್ಯುಟಿ ನೋಡುವ ಅಸಿಸ್ಟೆಂಟ್ ಡೈರೆಕ್ಟರ್ ಹುಡುಗಿ ಹಾಳೆ ಹಿಡಿದು ಓಡಿ ಬಂದಳು.

“ಅಕ್ಕ, ವೈಡ್‌ನಲ್ಲಿ ‘ಡಾಕ್ಟ್ರು’ ಅನ್ನುವಾಗ ಟ್ರೇ ಕೆಳಗಿಟ್ರಿ. ಈಗಲೂ ಅಲ್ಲೇ ಇಡಿ. ಮಾತೂ ಅದೇ ಇರಲಿ. ಇಲ್ಲಾಂದ್ರೆ ಎಡಿಟಿಂಗ್‌ನಲ್ಲಿ ಜೋಡಿಸೋಕೆ ಆಗಲ್ಲ.”

ವೈಡ್, ಮಿಡ್, ಕ್ಲೋಸಪ್ ಮೂರನ್ನೂ ಕತ್ತರಿಸಿ ಒಂದು ಸೀನ್ ಮಾಡುತ್ತಾರೆ. ಮೂರರಲ್ಲೂ ಮಾತು, ಕೈ, ಹೆಜ್ಜೆ ಒಂದೇ ಇರಬೇಕು. ವೇದಿಕೆಯಲ್ಲಿ ದಿನಕ್ಕೊಂದು ಥರ ಹೇಳುವವನು ಜಾಣ. ಇಲ್ಲಿ ಹತ್ತು ಸಲ ಒಂದೇ ಥರ ಹೇಳಿ, ಹತ್ತನೇ ಸಲವೂ ಮೊದಲ ಸಲದಂತೆ ಕಾಣಿಸುವವನು ಜಾಣ. ಎಲ್ಲಕ್ಕಿಂತ ಕಷ್ಟ ಅಂದರೆ, ನಗುವಿಲ್ಲದ ಮೌನದಲ್ಲಿ ತನ್ನ ಸಾಲು ಬದುಕಿದೆ ಅಂತ ನಂಬುವುದು. ಅವಳು ಆ ದಿನ ಮಧ್ಯಾಹ್ನದ ಊಟದಲ್ಲಿ ಮಾತೇ ಆಡಲಿಲ್ಲ. ಸಂಜೆಯ ಕ್ಲೋಸಪ್ ಮಾತ್ರ ಚೆನ್ನಾಗಿ ಬಂತು.

ಸ್ಟ್ಯಾಂಡಪ್‌ನಿಂದ ಪ್ರಯೋಜನ ಇಲ್ಲ ಅಂತ ನಾನು ಹೇಳುತ್ತಿಲ್ಲ. ಕೊನೇ ಗಳಿಗೆಯಲ್ಲಿ ಬಂದ ಹೊಸ ಡೈಲಾಗ್ ಪೇಪರ್ ಅವಳಿಗೆ ಐದು ನಿಮಿಷದಲ್ಲಿ ಬಾಯಿಪಾಠ ಆಗುತ್ತದೆ. ಜನ ಸೇರಿ ನೋಡುತ್ತಿದ್ದರೆ ಕೈಕಾಲು ನಡುಗುವುದಿಲ್ಲ. ಡಬ್ಬಿಂಗ್ ಅವಳಿಗೆ ನೀರು ಕುಡಿದಷ್ಟು ಸುಲಭ, ತುಟಿ ನೋಡಿ ಸಾಲು ಕೂರಿಸುವುದು ಟೈಮಿಂಗ್‌ನ ಕೆಲಸ ತಾನೇ. ಇವೆಲ್ಲಕ್ಕಿಂತ ದೊಡ್ಡ ಆಸ್ತಿ ಅವಳು ಬಾಲ್ಯದಿಂದ ಕೂಡಿಟ್ಟ ಜನ. ಯಾವ ಪಾತ್ರ ಕೊಟ್ಟರೂ, “ಇದು ನಮ್ಮ ಮೂರನೇ ಲೈನಿನ ಹೆಂಗಸು” ಅಂತ ಶುರು ಮಾಡುತ್ತಾಳೆ. ಆ ಜನರನ್ನು ವೇದಿಕೆ ಮೇಲೆ ನಗೆಗಾಗಿ ಬಳಸುತ್ತಿದ್ದವಳು ಈಗ ನಗೆ ಇಲ್ಲದೆಯೂ ಬಳಸುತ್ತಾಳೆ.

ಒಂದು ನೋವು ಇದೆ, ಹೇಳಿಬಿಡುತ್ತೇನೆ. ಇನ್ನೊಂದು ಸಿನಿಮಾದಲ್ಲಿ ಅವಳ ಪಾತ್ರ ಉಳಿಯಿತು, ದನಿ ಉಳಿಯಲಿಲ್ಲ. ಕೊಡಗಿನ ಕನ್ನಡ ಬೇಡ ಅಂತ ಬೇರೆಯವರಿಂದ ಡಬ್ ಮಾಡಿಸಿದ್ದರು. ಅವಳಿಗೆ ಗೊತ್ತಾಗಿದ್ದು ಥಿಯೇಟರ್‌ನಲ್ಲಿ. ಬಾಕಿ ದುಡ್ಡೂ ಬಂದಿಲ್ಲ. ಈಗ ಒಪ್ಪಂದದಲ್ಲಿ ‘ಸ್ವಂತ ದನಿ’ ಅಂತ ಒಂದು ಸಾಲು ಕೇಳುತ್ತಾಳೆ. ಎಲ್ಲರೂ ಕೊಡುವುದಿಲ್ಲ, ಆದರೆ ಕೇಳುತ್ತಾಳೆ.

ಮಳೆಗಾಲದ ಲೆಕ್ಕ

ಬೆಂಗಳೂರಿಗೆ ಹೋಗಿಬಿಡು ಅಂತ ಎಲ್ಲರೂ ಹೇಳಿದರು. ಮಡಿಕೇರಿಯಿಂದ ಬೆಂಗಳೂರು ಸುಮಾರು 260 ಕಿ.ಮೀ., ಜಿಲ್ಲೆಯಲ್ಲಿ ರೈಲಿಲ್ಲ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಆಡಿಷನ್ ಕೊಟ್ಟರೆ ಕಣ್ಣ ಕೆಳಗಿನ ಊತ ಕ್ಯಾಮೆರಾದಲ್ಲಿ ಕಾಣುತ್ತದೆ, ಇದು ನನ್ನ ಅನುಭವದ ಮಾತು. ಆದರೆ ಪೂರ್ತಿ ಹೋದರೆ ರೆಸಾರ್ಟ್ ಶೋಗಳು ಹೋಗುತ್ತವೆ. ಬೆಂಗಳೂರಿನಲ್ಲಿ ಅಂಥ ಸ್ಟ್ಯಾಂಡಪ್‌ನವರು ಬೇಕಾದಷ್ಟು ಜನ ಇದ್ದಾರೆ. ಕೊಡಗಿನಲ್ಲಿ ಇವಳೊಬ್ಬಳೇ.

ಅವಳು ವರ್ಷವನ್ನೇ ಎರಡು ಮಾಡಿದಳು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಮಳೆ. ಕರೆಂಟು ದಿನಗಟ್ಟಲೆ ಇರುವುದಿಲ್ಲ, ನೆಟ್‌ವರ್ಕ್ ಇರುವುದಿಲ್ಲ, ಸೆಲ್ಫ್ ಟೇಪ್ ಅಪ್‌ಲೋಡ್ ಮಾಡಲು ಗುಡ್ಡ ಹತ್ತಬೇಕು. 2018ರ ಆಗಸ್ಟ್‌ನ ಭೂಕುಸಿತದ ಮೇಲೆ ಕಂಪನಿಯವರು ಆ ತಿಂಗಳು ಗುಂಪು ಕಳಿಸಲು ಹಿಂದೆಮುಂದೆ ನೋಡುತ್ತಾರೆ. ಶೋಗಳಿಲ್ಲದ ಆ ನಾಲ್ಕು ತಿಂಗಳು ಬೆಂಗಳೂರಿನಲ್ಲಿ ಗೆಳತಿಯ ರೂಮಿನಲ್ಲಿ ಪಾಲು. ಅಲ್ಲಿ ಆಡಿಷನ್, ಡಬ್ಬಿಂಗ್, ಒಳಾಂಗಣದ ಶೂಟಿಂಗ್‌ಗಳಿಗೆ ಮಳೆಯ ಹಂಗಿಲ್ಲ. ಸಂಜೆ ಓಪನ್ ಮೈಕ್‌ನಲ್ಲಿ ಹೊಸ ಬಿಟ್‌ಗಳನ್ನು ಗುರುತು ಪರಿಚಯ ಇಲ್ಲದವರ ಮುಂದೆ ಉಜ್ಜಬಹುದು, ಅಪ್ಪನಿಗೆ ಫೋನ್ ಹೋಗುವುದಿಲ್ಲ. ಅಕ್ಟೋಬರ್‌ಗೆ ವಾಪಸ್. ದಸರಾ, ರೆಸಾರ್ಟ್ ಸೀಸನ್, ಜೊತೆಗೆ ಹೊರಾಂಗಣ ಶೂಟಿಂಗ್‌ಗೆ ಬರುವ ಯೂನಿಟ್‌ಗಳು. ಆಗ ಅವಳು ‘ಸ್ಥಳೀಯ ಕಲಾವಿದೆ’, ಅದೂ ಬೆಂಗಳೂರಿನಲ್ಲಿ ಮುಖ ಪರಿಚಯ ಇರುವ ಸ್ಥಳೀಯ ಕಲಾವಿದೆ.

ಇದನ್ನು ಯಾರೂ ಹೇಳಿಕೊಟ್ಟದ್ದಲ್ಲ. ತೋಟದವರ ಮನೆಯಲ್ಲಿ ವರ್ಷ ಅಂದರೆ ಹೂಮಳೆ (ಕಾಫಿ ಹೂ ಅರಳಿಸುವ ಬೇಸಿಗೆ ಮಳೆ), ಮಳೆಗಾಲ, ಕುಯ್ಲು ಅಂತಲೇ ಲೆಕ್ಕ, ಆ ಲೆಕ್ಕ ಇಲ್ಲಿಗೂ ಬಂತು. ಅಪ್ಪನಿಂದ ಬಂದದ್ದು ಇನ್ನೂ ಒಂದಿದೆ. ಅವಳ ಸಂಪಾದನೆಯ ಪುಸ್ತಕ. ಉದ್ದನೆಯ ರೂಲ್ ಹಾಕಿದ ಪುಸ್ತಕ, ಬರೆಯುವುದು ಅಪ್ಪನೇ, ಚೆಕ್‌ರೋಲ್ ಕೈಬರಹದಲ್ಲೇ. ತಾರೀಖು, ಯಾವ ಕೆಲಸ, ಒಪ್ಪಿದ ಹಣ, ಬಂದದ್ದು, ಟಿಡಿಎಸ್ (ಕೊಡುವವರು ಮೊದಲೇ ಮುರಿದುಕೊಳ್ಳುವ ತೆರಿಗೆ), ಬಾಕಿ. ವೃತ್ತಿ ಶುಲ್ಕದಲ್ಲಿ ಶೇ. 10 ಮುರಿದುಕೊಂಡು ಕೊಡುತ್ತಾರೆ, ರಿಟರ್ನ್ ಸಲ್ಲಿಸಿದರೆ ಅವಳ ಆದಾಯಕ್ಕೆ ಅದು ವಾಪಸ್ ಬರುತ್ತದೆ. ಎಷ್ಟೋ ಸಣ್ಣ ಕಲಾವಿದರು ಅದನ್ನು ಕೇಳುವುದೇ ಇಲ್ಲ. ದನಿ ಬದಲಿಸಿದ ಸಿನಿಮಾದ ಸಾಲಿನ ಮುಂದೆ ‘ಬಾಕಿ’ ಅಂತ ಕೆಂಪು ಶಾಯಿಯಲ್ಲಿದೆ. ತಿಂಗಳಿಗೊಮ್ಮೆ ಅಪ್ಪನೇ ಆ ಆಫೀಸಿಗೆ ಫೋನ್ ಮಾಡುತ್ತಾರೆ. “ನಮಸ್ಕಾರ ಸಾರ್, ಲೆಕ್ಕದ ವಿಷಯ ಸಾರ್.” ಅದೇ ಬಿಟ್‌ನ ದನಿ. ಮಗಳು ಪಕ್ಕದಲ್ಲಿ ಕೂತು ಬಾಯಿ ಮುಚ್ಚಿಕೊಂಡು ನಗುತ್ತಾಳೆ.

ಆ ಪುಸ್ತಕದಲ್ಲಿ ಈಗಲೂ ಜಾಸ್ತಿ ಹಣ ಬಂದಿರುವುದು ಸ್ಟ್ಯಾಂಡಪ್‌ನಿಂದಲೇ. ನಟನೆಯ ಹಣ ಬಸ್ಸು, ರೂಮು, ಶಿಬಿರದ ಖರ್ಚು ಕಳೆದರೆ ಹೆಚ್ಚೇನೂ ಉಳಿಯದು. ಆದರೆ ಸ್ಟ್ಯಾಂಡಪ್ ಮನೆ ನಡೆಸುತ್ತಿರುವುದರಿಂದ ಗೆಳತಿ ಪಾತ್ರಗಳಿಗೆ ಬೇಡ ಅನ್ನುವ ಧೈರ್ಯ ಅವಳಿಗಿದೆ. “ಫಾಲೋವರ್ಸ್ ಎಷ್ಟು?” ಅಂತ ಆಡಿಷನ್‌ನಲ್ಲಿ ಮೊದಲ ಪ್ರಶ್ನೆ ಕೇಳುವವರಿಂದ ಎದ್ದು ಬರುವ ಧೈರ್ಯವೂ. ಕಳೆದ ಸಲದ ಮಳೆಗಾಲದಲ್ಲಿ ಒಂದು ವೆಬ್ ಸೀರೀಸ್‌ನ ಪೊಲೀಸ್ ಕಾನ್‌ಸ್ಟೆಬಲ್ ಪಾತ್ರ ಸಿಕ್ಕಿತು. ಒಂದೂ ಜೋಕಿಲ್ಲ. ಠಾಣೆಯ ಬಾಗಿಲಲ್ಲಿ ನಿಂತು ಬೇರೆಯವರ ಮಾತು ಕೇಳುವುದೇ ಹೆಚ್ಚು. ಮೈಸೂರಿನ ಆ ಮೇಷ್ಟ್ರ ಶಿಕ್ಷೆ ಅಲ್ಲಿ ಕೆಲಸಕ್ಕೆ ಬಂತು.

ಈಗ ಎದುರಿಗಿರುವುದು

ಈ ಲೆಕ್ಕವೆಲ್ಲ ಬುಡಮೇಲಾಗುವಂಥದ್ದು ಈಗ ಬಂದಿದೆ. ಒಂದು ಧಾರಾವಾಹಿಯಲ್ಲಿ ಮುಖ್ಯ ಪಾತ್ರಕ್ಕೆ ಕೇಳಿದ್ದಾರೆ. ನಾಯಕನ ಅತ್ತಿಗೆ. ತಿಂಗಳಿಗೆ ಹದಿನೈದರಿಂದ ಇಪ್ಪತ್ತು ದಿನ ಬೆಂಗಳೂರಿನಲ್ಲೇ ಇರಬೇಕು, ಮಳೆಗಾಲ ಬೇಸಿಗೆ ಅಂತಿಲ್ಲ. ದಿನದ ಲೆಕ್ಕದಲ್ಲಿ ಸಂಭಾವನೆ. ಒಪ್ಪಿದರೆ ರೆಸಾರ್ಟ್ ಶೋಗಳು ಹೋದಂತೆ, ದಸರಾ ಹೋದಂತೆ. ಎರಡು ವರ್ಷ ಒಂದೇ ಅತ್ತಿಗೆಯಾಗಿ ಕಣ್ಣರಳಿಸಿದರೆ ಆ ಹುಬ್ಬು ಮತ್ತೆ ಮೇಲೇರಿ ಅಲ್ಲೇ ನಿಲ್ಲುತ್ತದೆ ಅನ್ನುವುದು ನನ್ನ ಹೆದರಿಕೆ. ಬೇಡ ಅಂತ ಹೇಳಿದೆ.

ಅವಳು ಹೇಳಿದ ವಿಷಯ ಬೇರೆ. ಅಪ್ಪನಿಗೆ ಬರುವ ಮಾರ್ಚ್‌ಗೆ ರಿಟೈರ್‌ಮೆಂಟ್. ರಿಟೈರ್ ಆದ ಮೇಲೆ ತೋಟದ ಮನೆ ಬಿಟ್ಟುಕೊಡಬೇಕು. ಸಿದ್ದಾಪುರದಲ್ಲೋ ಕುಶಾಲನಗರದಲ್ಲೋ ಮನೆ ಮಾಡಬೇಕು, ಅಡ್ವಾನ್ಸ್ ಕೊಡಬೇಕು. ತಿಂಗಳು ತಿಂಗಳು ಇಷ್ಟು ಅಂತ ಬರುವ ಹಣ ಬೇಕು. ಸ್ಟ್ಯಾಂಡಪ್ ಹಾಗೆ ಬರುವುದಿಲ್ಲ, ಸಣ್ಣ ಪಾತ್ರಗಳಂತೂ ಬರುವುದೇ ಇಲ್ಲ. ಬೇಡ ಅನ್ನುವ ಧೈರ್ಯ ಇದೆ ಅಂತ ಮೇಲೆ ಬರೆದೆನಲ್ಲ, ಅದು ತೋಟದವರು ಕೊಟ್ಟ ಮನೆಯ ಸೂರಿನ ಕೆಳಗೆ ಇದ್ದ ಧೈರ್ಯ.

ತಿಂಗಳಿಗೆ ಹನ್ನೆರಡೇ ದಿನ, ಅದೂ ಒಟ್ಟಿಗೆ ಕೊಡುತ್ತೀರಾ, ದಸರಾದಲ್ಲಿ ಮೂರು ದಿನ ಬಿಡುತ್ತೀರಾ, ದನಿ ನನ್ನದೇ ಇರುತ್ತದಾ ಅಂತ ಬರೆದು ಕಳಿಸಿದ್ದಾಳೆ. ಪ್ರೊಡಕ್ಷನ್‌ನವರು “ನೋಡೋಣ ಮೇಡಂ” ಅಂದಿದ್ದಾರೆ. ಹನ್ನೆರಡು ದಿನಕ್ಕೆ ಅವರು ಒಪ್ಪುವ ಹಾಗೆ ನನಗೆ ಕಾಣುತ್ತಿಲ್ಲ. ದಸರಾದ ಮೂರು ದಿನ ಕೊಡಬಹುದು. ಮುಂದಿನ ವಾರ ಲುಕ್ ಟೆಸ್ಟ್ (ಪಾತ್ರದ ವೇಷದಲ್ಲಿ ಹೇಗೆ ಕಾಣುತ್ತಾಳೆ ಅಂತ ನೋಡುವುದು) ಇದೆ, ಅದಕ್ಕಂತೂ ಹೋಗುತ್ತಿದ್ದಾಳೆ. ಅದಕ್ಕೆ ಮೊದಲು ಅತ್ತಿಗೆಯ ಎರಡು ಸೀನ್ ನನ್ನ ಸ್ಟುಡಿಯೋದಲ್ಲಿ ಒಮ್ಮೆ ಮಾಡಿ ನೋಡಬೇಕಂತೆ, ಶುಕ್ರವಾರ ಸಂತೆ ಮುಗಿಸಿಕೊಂಡು ಬರುತ್ತಾಳೆ.